‘ಸರ್ವರ್ ಇಲ್ಲ’ ಎಂಬ ಉತ್ತರ

ನಮ್ಮ ಹಳ್ಳಿಗಳ ಆಡುಮಾತಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ವಾಕ್ಯ ಸೇರಿಕೊಂಡಿದೆ. ಅದೇ ‘ಸರ್ವರ್ ಇಲ್ಲ’. ಪಡಿತರ ತರಲು ಚೀಲ ಹಿಡಿದು ಹೋದ ಮುದುಕಿಗೂ, ಪಹಣಿ ತೆಗೆಸಲು ಹೋದ ರೈತನಿಗೂ, ಪರೀಕ್ಷಾ ಶುಲ್ಕ ಕಟ್ಟಲು ಹೋದ ವಿದ್ಯಾರ್ಥಿಗೂ ದೊರೆಯುವ ಉತ್ತರ ಇದೊಂದೇ. ಸರ್ವರ್ ಎಂದರೆ ಏನೆಂದು ತಿಳಿಯದವರೂ, ‘ಮಳೆ ಇಲ್ಲ’, ‘ಬಸ್ಸಿಲ್ಲ’ ಎಂಬ ಮಾತುಗಳನ್ನು ಕೇಳಿದಂತೆಯೇ ಇದನ್ನೂ ಕೇಳಿ, ನಿಟ್ಟುಸಿರುಬಿಟ್ಟು ಮನೆಯ ದಾರಿ ಹಿಡಿಯುತ್ತಾರೆ. ಮಳೆ ಬಾರದಿದ್ದರೆ ಯಾರನ್ನೂ ದೂರುವಂತಿಲ್ಲ, ನಿಜ. ಆದರೆ ಸರ್ವರು ಮಳೆಯಲ್ಲ. ಅದು ಮನುಷ್ಯರು ಕಟ್ಟಿದ, ಮನುಷ್ಯರು ನಡೆಸುವ ಯಂತ್ರ. ಅದು ನಿಂತರೆ ನಿಂತದ್ದಕ್ಕೆ ಒಂದು ಕಾರಣವಿರುತ್ತದೆ. ಆ ಕಾರಣವನ್ನು ಹುಡುಕಲು ಸಾಧ್ಯ. ಹುಡುಕಿದ್ದನ್ನು ಎದುರು ನಿಂತವರಿಗೆ ಹೇಳಲೂ ಸಾಧ್ಯ. ಹಾಗೆ ಹೇಳುವುದು ಉಪಕಾರವಲ್ಲ, ಕರ್ತವ್ಯ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ‘ಸರ್ವರ್ ಇಲ್ಲ’ ಎಂದು ನಾವು ಒಟ್ಟಾರೆ ಕರೆಯುವುದು ಒಂದೇ ರೋಗವಲ್ಲ. ಅದು ಹಲವು ರೋಗಗಳಿಗೆ ಇಟ್ಟ ಒಂದೇ ಹೆಸರು. ನಮ್ಮ ಕೈಯಲ್ಲಿನ ಫೋನಿನಿಂದ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುವ ದಫ್ತರದವರೆಗೆ ಒಂದು ಬೇಡಿಕೆ ತಲುಪಬೇಕಾದರೆ ಅದು ಕನಿಷ್ಠ ಐದು ಬಾಗಿಲುಗಳನ್ನು ದಾಟಬೇಕು. ಯಾವ ಬಾಗಿಲು ಮುಚ್ಚಿದರೂ ಹೊರಗೆ ನಿಂತವನಿಗೆ ಕಾಣುವುದು ತೆರೆಯದ ಒಂದು ಪುಟ ಮಾತ್ರ. ಆದರೆ ಯಾವ ಬಾಗಿಲು ಮುಚ್ಚಿದೆಯೆಂಬುದನ್ನು ತಿಳಿಯಲು ಇಂಜಿನಿಯರಾಗಬೇಕಾಗಿಲ್ಲ. ಸ್ವಲ್ಪ ತಾಳ್ಮೆಯಿದ್ದರೆ ಕಲಾ ವಿಭಾಗದ ವಿದ್ಯಾರ್ಥಿಗೂ ಅದು ಸಾಧ್ಯ.

ಮೊದಲನೆಯ ಬಾಗಿಲು ತಂತಿ. ಇಂದು ಮನೆಗಳಿಗೂ ಪಂಚಾಯಿತಿಗಳಿಗೂ ಬರುವುದು ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು. ಆ ಎಳೆ ಬಂದು ಸೇರುವ ಪೆಟ್ಟಿಗೆಯಲ್ಲಿ ಸಾಲಾಗಿ ದೀಪಗಳಿರುತ್ತವೆ. ‘ಲಾಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಆ ಪೆಟ್ಟಿಗೆಗೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಬಹುಪಾಲು ಸಂದರ್ಭಗಳಲ್ಲಿ ಎಲ್ಲೋ ರಸ್ತೆ ಅಗಲಿಸುವಾಗ, ನೀರಿನ ಕೊಳವೆ ಹೂಳುವಾಗ ಎಳೆ ತುಂಡಾಗಿರುತ್ತದೆ. ಆಗ ಪಾಸ್‌ವರ್ಡನ್ನು ನೂರು ಸಲ ಒತ್ತಿದರೂ ಫಲವಿಲ್ಲ.

ಎರಡನೆಯ ಬಾಗಿಲು ಸಂಪರ್ಕ ಒದಗಿಸುವ ಕಂಪನಿಯದು. ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಅನೇಕವು ಒಂದು ಹೆಸರು ಮತ್ತು ಒಂದು ಪಾಸ್‌ವರ್ಡನ್ನು ಕಂಪನಿಯ ದಫ್ತರಕ್ಕೆ ಒಪ್ಪಿಸಿದ ಮೇಲೆಯೇ ತೆರೆದುಕೊಳ್ಳುತ್ತವೆ. ಅದನ್ನು ನಾವು ದಿನವೂ ಒತ್ತುವುದಿಲ್ಲ. ಮೋಡೆಮ್ಮಿನ ಒಳಗೇ ಬರೆದಿಟ್ಟಿರುತ್ತಾರೆ. ವಿಂಡೋಸ್ ಗಣಕದಿಂದ ನೇರವಾಗಿ ಸಂಪರ್ಕ ಮಾಡುವವರಿಗೆ ಇಲ್ಲಿ ಒಂದು ಅನುಕೂಲವುಂಟು. 691 ಎಂಬ ಸಂಖ್ಯೆ ಬಂದರೆ ದಫ್ತರ ಸಿಕ್ಕಿತು, ಆದರೆ ಹೆಸರನ್ನೋ ಪಾಸ್‌ವರ್ಡನ್ನೋ ಒಪ್ಪಲಿಲ್ಲವೆಂದು ಅರ್ಥ. ಬಾಕಿ ಕಟ್ಟದೆ ಖಾತೆ ತಡೆಹಿಡಿದಿದ್ದರೂ ಇದೇ ಸಂಖ್ಯೆ ಬರಬಹುದು. 678 ಬಂದರೆ ಆ ಕಡೆಯಿಂದ ಉತ್ತರವೇ ಬರಲಿಲ್ಲವೆಂದು ಅರ್ಥ. ಎರಡು ಸಂಖ್ಯೆಗಳು, ಎರಡು ಬೇರೆ ಬೇರೆ ಚಿಕಿತ್ಸೆಗಳು. ಇದನ್ನರಿಯದೆ ಕೆಲವರು ಮೋಡೆಮ್ಮಿನ ಹಿಂದಿನ ಸಣ್ಣ ರಂಧ್ರಕ್ಕೆ ಕಡ್ಡಿ ತೂರಿಸಿ ‘ರೀಸೆಟ್’ ಮಾಡಿಬಿಡುತ್ತಾರೆ. ಹಾಗೆ ಮಾಡಿದಾಗ ಒಳಗೆ ಬರೆದಿಟ್ಟ ಹೆಸರು, ಪಾಸ್‌ವರ್ಡುಗಳು ಅಳಿಸಿಹೋಗುವುದುಂಟು. ತಂತಿಯ ದೋಷ ಮಾತ್ರ ಇದ್ದಲ್ಲಿ ಈಗ ಲಾಗಿನ್ ದೋಷವೂ ಸೇರಿಕೊಳ್ಳುತ್ತದೆ. ತಂತಿ ಸರಿಯಾದ ಮೇಲೆಯೂ ಸಂಪರ್ಕ ಬಾರದು.

ಮೂರನೆಯದು ಹೆಸರಿನ ಕೈಪಿಡಿ. ಜಾಲತಾಣಗಳನ್ನು ನಾವು ಹೆಸರಿನಿಂದ ಕರೆಯುತ್ತೇವೆ. ಯಂತ್ರಗಳು ಅಂಕಿಗಳಿಂದ ಕರೆಯುತ್ತವೆ. ಹೆಸರನ್ನು ಅಂಕಿಗೆ ತಿರುಗಿಸಿಕೊಡುವ ವ್ಯವಸ್ಥೆಗೆ ಡಿ.ಎನ್.ಎಸ್. ಎನ್ನುತ್ತಾರೆ. ಅದು ಕೆಟ್ಟರೆ ತಂತಿ ಚೆನ್ನಾಗಿದ್ದೂ ಯಾವ ತಾಣವೂ ತೆರೆಯದು. ಗಣಕದಲ್ಲಿ ‘ಪಿಂಗ್’ ಆಜ್ಞೆ ಕೊಟ್ಟು 8.8.8.8 ಎಂಬ ಅಂಕಿಯ ವಿಳಾಸವನ್ನು ಕೂಗಿದರೆ ಉತ್ತರ ಬಂದು, ಹೆಸರು ಹಿಡಿದು ಕೂಗಿದರೆ ಬಾರದಿದ್ದಲ್ಲಿ ದೋಷ ಇಲ್ಲಿದೆಯೆಂದು ತಿಳಿಯಬಹುದು. ನಾಲ್ಕನೆಯದು ದೂರದ ದಫ್ತರದ ಯಂತ್ರ. ನಿಜವಾಗಿ ಸರ್ವರ್ ಎಂಬ ಹೆಸರಿಗೆ ಅರ್ಹವಾದುದು ಇದೊಂದೇ. ಪರದೆಯ ಮೇಲೆ 500, 502, 503, 504 ಎಂದು ಐದರಿಂದ ಆರಂಭವಾಗುವ ಸಂಖ್ಯೆ ಬಂದರೆ ತಪ್ಪು ಆ ಕಡೆಯದು. 401, 403, 404 ಎಂದು ನಾಲ್ಕರಿಂದ ಆರಂಭವಾದರೆ ನಾವು ಕೇಳಿದ ರೀತಿಯನ್ನೋ, ನಮ್ಮ ಅನುಮತಿಯನ್ನೋ ಅದು ಒಪ್ಪಿಲ್ಲವೆಂದು ಭಾವಿಸಬೇಕು. ಐದನೆಯ ಬಾಗಿಲು ನಮ್ಮ ಗುರುತಿನದು: ಪಾಸ್‌ವರ್ಡು, ಓ.ಟಿ.ಪಿ., ಬೆರಳಚ್ಚು. ಇವಲ್ಲದೆ ಸಣ್ಣಪುಟ್ಟ ಕಾರಣಗಳೂ ಇವೆ. ಹಳೆಯ ಗಣಕದೊಳಗಿನ ಚಿಕ್ಕ ಬ್ಯಾಟರಿ ಸತ್ತು ಅದರ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ, ಆ ಗಣಕವೇ ಸುರಕ್ಷಿತ ತಾಣಗಳನ್ನು ನಂಬದೆ ಹೊರಗೇ ನಿಲ್ಲಿಸುತ್ತದೆ. ತಾರೀಖು ಸರಿಪಡಿಸಿದರೆ ಸಾಕು, ಬಾಗಿಲು ತೆರೆಯುತ್ತದೆ.

ಇಷ್ಟು ವಿವರವಾಗಿ ಬರೆದುದಕ್ಕೆ ಕಾರಣವಿದೆ. ಈ ಐದರಲ್ಲಿ ಯಾವುದು ಕೆಟ್ಟರೂ ಹಳ್ಳಿಗನಿಗೆ ಹೇಳುವುದು ‘ಸರ್ವರ್ ಇಲ್ಲ’ ಎಂಬ ಒಂದೇ ಮಾತು. ‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ನಮ್ಮಲ್ಲುಂಟು. ಕೆಲವು ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ಕೆಲವು ಸಲ ಕುಣಿಯುವವರ ಕಾಲಿನದೇ ದೋಷ. ಎರಡಕ್ಕೂ ಒಂದೇ ಮಾತು ಹೇಳುವ ಪದ್ಧತಿ ಬೆಳೆದರೆ ನೆಲವೂ ಸರಿಯಾಗದು, ಕಾಲೂ ಸರಿಯಾಗದು.

ಇದಕ್ಕೆ ವಿರುದ್ಧವಾದ ಒಂದು ಪದ್ಧತಿಯನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಚಾಮರಾಜನಗರ ತಾಲೂಕಿನ ಕುದೇರಿನಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇದೆ. ಜಿಲ್ಲೆಯ ಹಾಲು ಉತ್ಪಾದಕರ ಸಂಘಗಳಲ್ಲಿ ಬೆಳಗ್ಗೆ ಸಂಜೆ ಹಾಲು ಹಾಕುವವರು ಹೆಚ್ಚಾಗಿ ಒಂದೆರಡು ಹಸು ಕಟ್ಟಿದ ಹೆಂಗಸರು, ಸಣ್ಣ ರೈತರು. ಸಂಘದಲ್ಲಿ ಹಾಲನ್ನು ಅಳೆಯುತ್ತಾರೆ, ಪರೀಕ್ಷಿಸುತ್ತಾರೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂಬುದು ಅಂಕಿಗಳಲ್ಲಿ ದಾಖಲಾಗುತ್ತದೆ. ಹಾಲು ಹಾಕಿದಾಕೆಗೆ ಆ ಇಂಗ್ಲಿಷ್ ಅಕ್ಷರಗಳ ವಿಸ್ತಾರ ಗೊತ್ತಿಲ್ಲದಿರಬಹುದು. ಆದರೆ ಎಸ್.ಎನ್.ಎಫ್. ಇಳಿದರೆ ಹಸುವಿನ ಮೇವು ನೋಡಬೇಕು, ಹಾಲು ಒಡೆದಿದ್ದರೆ ಪಾತ್ರೆ ತೊಳೆದ ರೀತಿಯನ್ನು ನೋಡಬೇಕು ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ‘ನಿನ್ನ ಹಾಲು ಬೇಡ, ಹೋಗು’ ಎಂದು ಕಾರಣ ಹೇಳದೆ ಕಳುಹಿಸಿದರೆ ಆಕೆ ಅಲ್ಲೇ ನಿಂತು ಕೇಳದೆ ಬಿಡುವಳೇ? ಕಾರಣವನ್ನು ಹೇಳುವ ಪದ್ಧತಿಯಿಂದಾಗಿಯೇ, ಓದು ಬಾರದವರೂ ತಮ್ಮ ಕಸುಬನ್ನು ತಿದ್ದಿಕೊಳ್ಳಲು ಕಲಿತಿದ್ದಾರೆ. ಹಾಲಿನ ವಿಷಯದಲ್ಲಿ ಸಾಧ್ಯವಾದುದು ಅರ್ಜಿಯ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಕಾರಣ ತಿಳಿಯದಿದ್ದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ನಷ್ಟವನ್ನು ಹೊರುವವರು ಯಾರೆಂಬುದನ್ನು ಗಮನಿಸಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಕೂಲಿಗೆ ಹೋಗುವಾಕೆ ಪಡಿತರಕ್ಕಾಗಿ ಒಂದು ದಿನದ ಕೆಲಸ ಬಿಟ್ಟು ಬರುತ್ತಾಳೆ. ಕಬ್ಬು ಕಡಿದು, ಅರಿಶಿನ ಕಿತ್ತು ಬೇಯಿಸಿ, ಆಕೆಯ ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಯಂತ್ರ ಒಪ್ಪುವುದಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಬರುತ್ತದೆ. ನಾಳೆ ಬಂದರೂ ಬೆರಳು ಅದೇ ಬೆರಳು! ದೋಷ ಬೆರಳಚ್ಚಿನದೆಂದು ಮೊದಲ ದಿನವೇ ಹೇಳಿದ್ದರೆ ಕಣ್ಣಿನ ಪಾಪೆಯ ಗುರುತನ್ನೋ, ಓ.ಟಿ.ಪಿ.ಯನ್ನೋ ಬಳಸಬಹುದಿತ್ತು. ತಪ್ಪು ಹೆಸರಿಟ್ಟ ರೋಗಕ್ಕೆ ಮದ್ದು ಸಿಗಲಾರದು. ಇಲ್ಲಿ ಆಕೆ ಕಳೆದುಕೊಂಡದ್ದು ಎರಡು ದಿನದ ಕೂಲಿ. ಓ.ಟಿ.ಪಿ.ಯ ಕಥೆಯೂ ಹೀಗೆಯೇ. ರೀಚಾರ್ಜ್ ಮಾಡಿಸದೆ ನಿಂತುಹೋದ ಮೊಬೈಲ್ ಸಂಖ್ಯೆ ಕನಿಷ್ಠ 90 ದಿನಗಳ ಅನಂತರ ಬೇರೊಬ್ಬರ ಪಾಲಾಗಬಹುದು. ಆಗ ನಮ್ಮ ಬಾಗಿಲಿನ ಬೀಗದ ಕೈ ಅಪರಿಚಿತರ ಜೇಬಿಗೆ ಹೋಗಿ ಬೀಳುತ್ತದೆ; ಕಾದು ಕುಳಿತ ನಮಗೆ ಹೇಳುವವರಿಲ್ಲ.

ವಿದ್ಯಾರ್ಥಿಗಳಾದ ನಮ್ಮ ಪಾಡೂ ಇದಕ್ಕಿಂತ ಮೇಲೇನೂ ಅಲ್ಲ. ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ., ಪ್ರವೇಶಕ್ಕೂ ಪರೀಕ್ಷೆಗೂ ಯು.ಯು.ಸಿ.ಎಂ.ಎಸ್., ಪ್ರಮಾಣಪತ್ರಗಳಿಗೆ ನಾಡಕಚೇರಿಯ ತಾಣ, ಹೀಗೆ ಪ್ರತಿಯೊಂದಕ್ಕೂ ಒಂದೊಂದು ಲಾಗಿನ್. ಮನೆಯಲ್ಲಿ ಓದಿದವರಿಲ್ಲದ ನಮ್ಮಂಥವರಲ್ಲಿ ಎಷ್ಟೋ ಮಂದಿಯ ಖಾತೆಗಳನ್ನು ತೆರೆದುಕೊಟ್ಟವರು ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಅಂಗಡಿಯವರು. ಕೊಟ್ಟ ಮೊಬೈಲ್ ಸಂಖ್ಯೆ ಅಂಗಡಿಯದು; ಮಿಂಚಂಚೆ ಅಂಗಡಿಯದು; ಪಾಸ್‌ವರ್ಡ್ ಬರೆದಿರುವುದು ಅಂಗಡಿಯ ನೋಟ್‌ಪುಸ್ತಕದಲ್ಲಿ. ಅಂಗಡಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಿಲ್ಲದಿದ್ದರೆ ನಮ್ಮಲ್ಲಿ ಹಲವರು ಕಾಲೇಜಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಆದರೆ ಕೊನೆಯ ದಿನ ಅಂಗಡಿ ಮುಚ್ಚಿದ್ದರೆ ಮುಂದಿನ ಗತಿಯೇನು? ಮೂರು ವರ್ಷ ಓದಿ ಪದವಿ ಪಡೆಯುವವನ ವಿದ್ಯಾರ್ಥಿವೇತನದ ಬೀಗದ ಕೈ ಬೇರೊಬ್ಬರ ನೋಟ್‌ಪುಸ್ತಕದಲ್ಲಿರುವುದು ಯಾವ ಬಗೆಯ ಸ್ವಾವಲಂಬನೆ?

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅಸತ್ಯವಾದೀತು. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನ ಎಳೆ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿಯೇ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆ ಮೊದಲಿನ ಏರ್ಪಾಟಿನಲ್ಲಿ ಒಂದು ಕುಂದಿತ್ತು. ಎಳೆ ಸರಪಳಿಯಂತೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದುದರಿಂದ ನಡುವೆ ಒಂದು ಕಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲೆಗೆ ಬೀಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಗೆ ಒಪ್ಪಿಗೆ ದೊರೆತಾಗ ಅದನ್ನು ಉಂಗುರದ ಆಕಾರಕ್ಕೆ ಬದಲಿಸಲು ನಿರ್ಧರಿಸಲಾಯಿತು. ಉಂಗುರ ಒಂದು ಕಡೆ ಕತ್ತರಿಸಿದರೂ ಇನ್ನೊಂದು ಕಡೆಯಿಂದ ಬೆಳಕು ಬರಬಲ್ಲದು. ಇದು ವಿವೇಕದ ಕೆಲಸ. ಆದರೆ ಉಂಗುರದಿಂದ ಗುಣವಾಗುವುದು ಮೊದಲನೆಯ ಬಾಗಿಲು ಮಾತ್ರ. ಉಳಿದ ನಾಲ್ಕು ಹಾಗೆಯೇ ಉಳಿಯುತ್ತವೆ. 2023ರ ಜೂನ್‌ನಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಸೇವಾಸಿಂಧು ತಾಣ ಏದುಸಿರು ಬಿಟ್ಟುದು ತಂತಿಯ ದೋಷದಿಂದಲ್ಲ. ಬಾಗಿಲಿನ ಅಗಲಕ್ಕಿಂತ ಜನ ಹೆಚ್ಚಾದುದರಿಂದ.

ಸಂಪರ್ಕ ಕೊಡುವ ಕಂಪನಿಗಳಿಗೆ ಈಗ ಒಂದು ನಿಯಮವುಂಟು. ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಒಂದು ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಸಂಪರ್ಕ ಕಡಿತ 4 ಗಂಟೆ ಮೀರಿದರೆ ಕಂಪನಿ ಅದನ್ನು ವರದಿ ಮಾಡಬೇಕು; 24 ಗಂಟೆ ಮೀರಿದರೆ, ಪ್ರಕೃತಿ ವಿಕೋಪದ ಸಂದರ್ಭವನ್ನು ಬಿಟ್ಟು, ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿಯನ್ನೋ ವಾಯಿದೆಯ ವಿಸ್ತರಣೆಯನ್ನೋ ಕೊಡಬೇಕು. ಎಂದರೆ ಕಳೆದುಹೋದ ದಿನ ಗ್ರಾಹಕನ ಲೆಕ್ಕಕ್ಕೆ ಸೇರಕೂಡದೆಂಬ ತತ್ತ್ವವನ್ನು ಒಪ್ಪಿಕೊಂಡಂತಾಯಿತು. ಖಾಸಗಿ ಕಂಪನಿಗೆ ಅನ್ವಯಿಸಿದ ಈ ನ್ಯಾಯವನ್ನು ಅರ್ಜಿ ಸ್ವೀಕರಿಸುವ ಕಚೇರಿಗೂ ಅನ್ವಯಿಸಬೇಕೆಂದು ಕೇಳಿದರೆ ತಪ್ಪೇನು?

ಹೊರದೇಶದ ಒಂದು ನಿದರ್ಶನವನ್ನೂ ನೋಡಬಹುದು. 2022ರ ಜುಲೈ 8ರಂದು ಕೆನಡಾ ದೇಶದಲ್ಲಿ ರಾಜರ್ಸ್ ಎಂಬ ಕಂಪನಿಯ ಜಾಲ ಬಿದ್ದುಹೋಗಿ, ಒಂದು ಕೋಟಿಗೂ ಮಿಕ್ಕಿದ ಗ್ರಾಹಕರು ಸಂಪರ್ಕ ಕಳೆದುಕೊಂಡರು. ತುರ್ತು ಕರೆಗಳಿಗೂ ಅಡ್ಡಿಯಾಯಿತು. ಅಲ್ಲಿಯ ನಿಯಂತ್ರಣ ಮಂಡಳಿ ಕೂಡಲೇ ಪ್ರಶ್ನೆಗಳನ್ನು ಕಳುಹಿಸಿತು. ಜಾಲದ ಹೃದಯಭಾಗದಲ್ಲಿ ಮಾಡಿದ ಒಂದು ಬದಲಾವಣೆಯಿಂದ ಹೀಗಾಯಿತೆಂದು ಕಂಪನಿ ಉತ್ತರಿಸಿತು. ಗ್ರಾಹಕರಿಗೆ ಐದು ದಿನಗಳ ಶುಲ್ಕವನ್ನು ಬಿಟ್ಟುಕೊಟ್ಟಿತು. ಮುಂದುವರಿದ ದೇಶದಲ್ಲಿಯೂ ಯಂತ್ರ ಕೆಡುತ್ತದೆ. ಆದರೆ ಕೆಟ್ಟ ಮೇಲೆ ಏಕೆ ಕೆಟ್ಟಿತೆಂದು ಹೇಳುವ ಹೊಣೆ ಅಲ್ಲಿ ಉಳಿದಿತ್ತು. ನಮ್ಮಲ್ಲಿಯೂ ಅಂಥ ಉದಾಹರಣೆ ಇಲ್ಲದಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆ ಕುಂಟಿದಾಗ, ಯಾರೋ ದುರುದ್ದೇಶದಿಂದ ಹುಸಿ ಬೇಡಿಕೆಗಳನ್ನು ಸುರಿಸಿ ಅದನ್ನು ಉಸಿರುಗಟ್ಟಿಸಿದರೆಂದು ರಾಜ್ಯ ಸರ್ಕಾರವೇ ಬಹಿರಂಗಪಡಿಸಿತು. ದೊಡ್ಡ ಕೇಡಿಗೆ ಕಾರಣ ಹೇಳಬಹುದಾದರೆ ದಿನನಿತ್ಯದ ಸಣ್ಣ ಕೇಡಿಗೂ ಹೇಳಬಹುದಲ್ಲವೆ?

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಒಂದು: ಕಾರಣವನ್ನು ಬಿಡಿಸಿ ಹೇಳಿದರೆ ಕಳ್ಳರಿಗೆ ಅನುಕೂಲವಾದೀತು ಎಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆ. ‘ಹೆಸರು ಸರಿ, ಪಾಸ್‌ವರ್ಡ್ ಮಾತ್ರ ತಪ್ಪು’ ಎಂದು ತಾಣ ತಿಳಿಸಿದರೆ, ಆ ಹೆಸರಿನ ಖಾತೆ ಇದೆಯೆಂಬುದು ಕಳ್ಳನಿಗೆ ತಿಳಿಯುತ್ತದೆ. ಅದನ್ನು ಮುಚ್ಚಿಡಲಿ. ಆದರೆ ‘ದೋಷ ನಮ್ಮ ಯಂತ್ರದ್ದು, ನಿಮ್ಮದಲ್ಲ’ ಎಂದೋ, ‘ನೀವು ಕೊಟ್ಟ ವಿವರ ಹೊಂದಲಿಲ್ಲ’ ಎಂದೋ ಹೇಳುವುದರಿಂದ ಯಾವ ಕಳ್ಳನೂ ಶ್ರೀಮಂತನಾಗಲಾರ. ಎರಡನೆಯ ಆಕ್ಷೇಪ: ಯಂತ್ರವನ್ನು ಬಿಟ್ಟು ಬೇರೆ ದಾರಿ ತೆರೆದರೆ ಮೋಸ ಹೆಚ್ಚುತ್ತದೆ ಎಂಬುದು. ಇದಕ್ಕೆ ಉತ್ತರವನ್ನು ಹಿರಿಯರು ಈಗಾಗಲೇ ಕೊಟ್ಟಿದ್ದಾರೆ. 2017ರ ಅಕ್ಟೋಬರ್‌ನಲ್ಲಿ ಆಧಾರ್ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ, ಬೆರಳಚ್ಚು ಅಥವಾ ಸಂಪರ್ಕ ವಿಫಲವಾದಾಗ ಪಡಿತರವನ್ನು ನಿರಾಕರಿಸದೆ, ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಕೊಡಬೇಕೆಂದೂ, ಆ ಪುಸ್ತಕವನ್ನು ತಪಾಸಣೆ ಮಾಡುತ್ತಿರಬೇಕೆಂದೂ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 26ರಂದು ತೀರ್ಪಿತ್ತಾಗ, ಬಹುಮತದ ನ್ಯಾಯಮೂರ್ತಿಗಳು ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಎತ್ತಿಹಿಡಿದರೂ, ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರು ಸವಲತ್ತಿನಿಂದ ವಂಚಿತರಾಗಬಾರದೆಂಬುದನ್ನೂ ಒತ್ತಿ ಹೇಳಿದರು. ನಿಯಮವಿದೆ, ತೀರ್ಪಿದೆ. ಅವುಗಳ ಅರಿವು ಚೀಲ ಹಿಡಿದು ನಿಂತ ಮುದುಕಿಗೆ ಇಲ್ಲ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಹೊಸ ಕಾಲದಲ್ಲಿ ಹೊಸ ಪೂಜಾರಿಯನ್ನು ಹುಡುಕಿಕೊಂಡಿದೆ.

ಆದುದರಿಂದ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ಅರ್ಜಿ ಸ್ವೀಕರಿಸುವ ಪ್ರತಿಯೊಂದು ತಾಣವೂ ಕೆಲಸ ಕೆಟ್ಟಾಗ, ದೋಷ ಯಾರ ಕಡೆಯದೆಂದು ಸರಳ ಕನ್ನಡದಲ್ಲಿ ತಿಳಿಸಬೇಕು. ಎರಡನೆಯದಾಗಿ, ಬಂದು ಬರಿಗೈಯಲ್ಲಿ ಹಿಂದಿರುಗುವವರಿಗೆ ತಾರೀಖು, ವೇಳೆ, ಕಾರಣ ಬರೆದ ಒಂದು ಚೀಟಿ ಕೊಡಬೇಕು. ಕೊನೆಯ ದಿನ ಕಳೆದುಹೋದರೆ ಆ ಚೀಟಿಯೇ ಸಾಕ್ಷಿಯಾಗಬೇಕು. ಚೀಟಿ ಬರೆಯಬೇಕಾದಾಗ ‘ಸರ್ವರ್ ಇಲ್ಲ’ ಎಂಬ ಮಾತು ಎಷ್ಟು ಸಲ ನಿಜವೆಂಬುದೂ ತಾನಾಗಿ ಹೊರಬೀಳುತ್ತದೆ. ಮೂರನೆಯದಾಗಿ, ನಮ್ಮ ಕಾಲೇಜಿನಲ್ಲಿಯೇ ವರ್ಷದ ಆರಂಭದ ಎರಡು ವಾರ, ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ತಮ್ಮದೇ ಮೊಬೈಲ್ ಸಂಖ್ಯೆ, ತಮ್ಮದೇ ಮಿಂಚಂಚೆಯಲ್ಲಿ ಖಾತೆ ತೆರೆಯಲು ಕಲಿಸುವ ಏರ್ಪಾಟು ಆಗಬೇಕು. ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಶಿಬಿರಗಳಲ್ಲಿ ರಸ್ತೆ ಗುಡಿಸುವುದು ಒಳ್ಳೆಯದೇ. ಅದರ ಜೊತೆಗೆ ಒಂದು ದಿನ ಪಂಚಾಯಿತಿಯ ಮುಂದೆ ಕುಳಿತು, ಬಂದವರಿಗೆ ಯಾವ ಬಾಗಿಲು ಮುಚ್ಚಿದೆಯೆಂದು ನೋಡಿ ಹೇಳಿದರೆ ಅದೂ ಸೇವೆಯೇ.

ಸಹಪಾಠಿಗಳೇ, ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ತಾಳ್ಮೆ ಬೇಕು. ಬೇರೆ ಕಂಪನಿಯ ಸಿಮ್ ಇರುವ ಫೋನಿನಲ್ಲಿ ಅದೇ ಪುಟ ತೆರೆದು ನೋಡುವುದು, ದೀಪದ ಬಣ್ಣ ನೋಡುವುದು, ಪರದೆಯ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುವುದು, ವೇಳೆಯನ್ನು ಗುರುತು ಹಾಕುವುದು. ಇಷ್ಟು ಮಾಡಿದವನು ದೂರು ಕೊಟ್ಟರೆ ಆ ದೂರಿಗೆ ತೂಕವಿರುತ್ತದೆ. ‘ಏನೋ ಬರ್ತಾ ಇಲ್ಲ ಸಾರ್’ ಎನ್ನುವವನನ್ನು ನಾಳೆ ಬಾ ಎಂದು ಕಳುಹಿಸುವುದು ಸುಲಭ. ‘ಬೆಳಗ್ಗೆ 11 ಗಂಟೆಗೆ 503 ಬಂತು, ಎರಡು ಫೋನಿನಲ್ಲಿ ನೋಡಿದೆ’ ಎನ್ನುವವನನ್ನು ಹಾಗೆ ಕಳುಹಿಸುವುದು ಸುಲಭವಲ್ಲ. ನಮ್ಮ ತಂದೆತಾಯಿಗಳು ಹೆಬ್ಬೆಟ್ಟೊತ್ತಿ ಕೊಟ್ಟದ್ದನ್ನು ಪಡೆದು, ಕೊಡದಿದ್ದುದಕ್ಕೆ ಕಾರಣ ಕೇಳದೆ ಬದುಕಿದರು. ಅವರು ನಮ್ಮನ್ನು ಓದಿಸಿದ್ದು ನಾವು ಕಾರಣ ಕೇಳಲಿ ಎಂದೇ ಅಲ್ಲವೆ? ಇನ್ನು ಮುಂದೆ ಯಾರಾದರೂ ‘ಸರ್ವರ್ ಇಲ್ಲ’ ಎಂದಾಗ, ಕೋಪಗೊಳ್ಳದೆ, ದನಿ ಏರಿಸದೆ, ‘ಯಾವ ಸರ್ವರ್, ಯಾವಾಗಿನಿಂದ ಇಲ್ಲ, ಬರೆದುಕೊಡುವಿರಾ?’ ಎಂದು ಕೇಳೋಣ. ನಮಗಾಗಿ ಮಾತ್ರವಲ್ಲ, ನಮ್ಮ ಹಿಂದೆ ಸರದಿಯಲ್ಲಿ ನಿಂತವರಿಗಾಗಿಯೂ ಕೇಳೋಣ.